ಹುಲಿ ನೋಡಲು ಕಿವಿ ಬೇಕು!

ಬಂಡೀಪುರಕ್ಕೆ ಹೋದವರೆಲ್ಲ ಸಫಾರಿ ಬಸ್ಸಿನ ಕಿಟಕಿಯಿಂದ ಹುಡುಕುವುದು ಹುಲಿಯನ್ನೇ. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಅಷ್ಟು ದೊಡ್ಡ ಪ್ರಾಣಿ, ಅದರ ಮೇಲೆ ಕಿತ್ತಳೆ ಬಣ್ಣ. ಥಟ್ಟನೆ ಕಾಣಬೇಕಲ್ಲವೇ? ಕಾಣುವುದಿಲ್ಲ ಪುಟ್ಟಾ. ಮೈಮೇಲಿನ ಕಪ್ಪು ಪಟ್ಟೆಗಳು ಒಣಹುಲ್ಲಿನ ನೆರಳುಗಳ ನಡುವೆ ಬೆರೆತುಹೋಗುತ್ತವೆ.

ಜಿಂಕೆಯ ಪಾಡು ಇನ್ನೂ ಕಷ್ಟ. ನಮ್ಮಂತೆ ಅದಕ್ಕೆ ಕಿತ್ತಳೆ ಬೇರೆ, ಹಸಿರು ಬೇರೆ ಎಂದು ಕಾಣುವುದಿಲ್ಲ. ಪೊದೆಯೊಳಗೆ ಕೂತ ಹುಲಿಯೂ ಅದಕ್ಕೆ ಪೊದೆಯ ಬಣ್ಣವೇ!

ಅದಕ್ಕೇ ಜಿಂಕೆಗಳು ಮುಸುವಗಳು ಕೂತ ಮರದ ಕೆಳಗೆ ಮೇಯಲು ಇಷ್ಟಪಡುತ್ತವೆ. ಮುಸುವ ತಿಂದು ಬೀಳಿಸಿದ ಚಿಗುರು, ಕಾಯಿ ಕೆಳಗಿದ್ದವಕ್ಕೆ ಸಿಗುತ್ತದೆ. ಮರದ ಮೇಲಿನವನಿಗೆ ದೂರದವರೆಗೂ ಕಾಣುತ್ತದೆ, ನೆಲದ ಮೇಲಿನ ಜಿಂಕೆಗೆ ವಾಸನೆ ಬೇಗ ಹತ್ತುತ್ತದೆ. ಯಾರಿಗೆ ಮೊದಲು ಗೊತ್ತಾದರೂ ಕೂಗು ಇಬ್ಬರಿಗೂ.

ಬಾಗಿಲ ಪಕ್ಕ ಕೂತವನು "ಮೇಷ್ಟ್ರು ಬಂದ್ರು!" ಅಂದರೆ ಹಿಂದಿನ ಬೆಂಚಿನವರೆಗೂ ಸುದ್ದಿ ಮುಟ್ಟುತ್ತದಲ್ಲ, ಕಾಡಿನಲ್ಲೂ ಹಾಗೆಯೇ. ಮುಸುವ ಕೆಮ್ಮಿದಂತೆ ಖರ್ ಖರ್ ಎನ್ನುತ್ತದೆ. ಜಿಂಕೆ ಚೂಪು ದನಿಯಲ್ಲಿ ಕೂಗಿ ಮುಂಗಾಲಿನಿಂದ ನೆಲ ಬಡಿಯುತ್ತದೆ. ಆಮೇಲೆ ಎಲ್ಲೋ ಒಳಗಿನಿಂದ ಕಡವೆಯ ಗಟ್ಟಿ ದನಿ. ಕಾಡು ಬಲ್ಲವರು ಹೆಚ್ಚು ನಂಬುವುದು ಈ ಕಡವೆಯನ್ನೇ. ಜಿಂಕೆ ಕೆಲವೊಮ್ಮೆ ಸುಮ್ಮಸುಮ್ಮನೆ ಬೆಚ್ಚಿ ಕೂಗಿಬಿಡುತ್ತದೆ!

ಈ ಕೂಗು ಹುಲಿಗೂ ಕೇಳಿಸುತ್ತದೆ. ಹುಲಿ ಬಹಳ ದೂರ ಅಟ್ಟಿಸಿಕೊಂಡು ಓಡುವುದಿಲ್ಲ, ಅಡಗಿ ಹತ್ತಿರ ಬಂದು ಎರಗುತ್ತದೆ. ಗುಟ್ಟು ರಟ್ಟಾದ ಮೇಲೆ ಎಷ್ಟೋ ಸಲ ಬೇಟೆ ಬಿಟ್ಟು ಎದ್ದು ನಡೆದುಬಿಡುತ್ತದೆ.

ಈ ಕಾಡಿನಲ್ಲಿ ಭೀಮರಾಜ ಎಂಬ ಹೊಳೆಯುವ ಕಪ್ಪು ಹಕ್ಕಿಯೂ ಇದೆ. ಬಾಲದಿಂದ ಎರಡು ತೆಳ್ಳನೆಯ ಉದ್ದ ಗರಿ ಇಳಿಬಿದ್ದು, ತುದಿಯಲ್ಲಷ್ಟೇ ಅಗಲವಾಗಿರುತ್ತವೆ. ಬೇರೆ ಹಕ್ಕಿಗಳ ದನಿಯನ್ನು ಅದು ಎಷ್ಟು ಚೆನ್ನಾಗಿ ಅನುಕರಿಸುತ್ತದೆಂದರೆ, ಗಿಡುಗದ ಕೂಗು ಕೇಳಿ ಆಕಾಶ ನೋಡಿದರೆ ಪಕ್ಕದ ಕೊಂಬೆಯಲ್ಲಿ ಈ ಮಹಾಶಯ ಕೂತಿರಬಹುದು! ನನ್ನನ್ನು ಕೇಳಿದರೆ, ಹುಲಿ ಕಾಣದ ದಿನ ಇವನೊಬ್ಬ ಸಿಕ್ಕರೂ ಸಫಾರಿ ಸಾರ್ಥಕ.

ಅಲ್ಲಿಗೆ ಹೋದಾಗ ಬಸ್ಸಿನಲ್ಲಿ ಮಾತಾಡಬೇಡ, ಗಾಡಿ ನಿಲ್ಲಿಸಿದಾಗ ಕಿವಿಗೊಡು. ಅದಕ್ಕೂ ಮೊದಲು ಮನೆಯಂಗಳದಲ್ಲೇ ಅಭ್ಯಾಸವಾಗಲಿ. ಬೆಕ್ಕು ಹೊರಗೆ ಬಂದಾಗ ಅಳಿಲು ಹೇಗೆ ಕೂಗುತ್ತದೆ, ಮೈನಾ ಹೇಗೆ ಕೂಗುತ್ತದೆ ಕೇಳಿ ಬರೆದಿಡು.