ಸತ್ಯಕ್ಕೆ ಸುಳ್ಳು ಲೆಕ್ಕದ ಆಸರೆ ಬೇಡ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಶಾಂತಿ ಇರಲಿ.

ಗೌರವಾನ್ವಿತ ಸಹೋದರರೇ, ಅಲ್ಲಾಹನ ಭಯಭಕ್ತಿಯನ್ನು ಮೈಗೂಡಿಸಿಕೊಳ್ಳೋಣ ಎಂದು ಮೊದಲು ನಮಗೂ ಬಳಿಕ ನಿಮಗೂ ಉಪದೇಶಿಸುತ್ತೇವೆ.

ಕೆಲವು ದಿನಗಳ ಹಿಂದೆ ಅಸರ್ ನಮಾಝಿನ ಬಳಿಕ ಪಿಯುಸಿ ಓದುವ ಹುಡುಗನೊಬ್ಬ ನೋಟ್‌ಬುಕ್ ಹಿಡಿದು ನಮ್ಮ ಬಳಿ ಬಂದ. ಕುರ್‌ಆನಿನಲ್ಲಿ ‘ದಿನ’ ಎಂಬ ಪದ ಸರಿಯಾಗಿ 365 ಬಾರಿ ಬಂದಿದೆ ಎಂಬ ಸಂದೇಶ ಅವನ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಅದನ್ನು ಅವನು ಸಹಪಾಠಿಗೆ ತೋರಿಸಿದ. “ನೀನು ಎಣಿಸಿ ನೋಡಿದ್ದೀಯಾ?” ಎಂದು ಆತ ಕೇಳಿದ. ಹುಡುಗ ಎಣಿಸಲು ಕುಳಿತ. ಲೆಕ್ಕ ಕೂಡಲಿಲ್ಲ. ಮನೆಯಲ್ಲಿ ಕೇಳಿದರೆ, “ಹಾಗೆಲ್ಲ ಕೇಳಬಾರದು, ಈಮಾನ್ ಹೋಗುತ್ತದೆ” ಎಂದರು. ಅವನು ತಗ್ಗಿದ ದನಿಯಲ್ಲಿ ನಮ್ಮನ್ನು ಕೇಳಿದ: “ಉಸ್ತಾದರೇ, ಲೆಕ್ಕ ತಪ್ಪಾದರೆ ಕುರ್‌ಆನೂ ತಪ್ಪಾ?”

ಸಹೋದರರೇ, ಈ ಪ್ರಶ್ನೆ ಅವನದಲ್ಲ. ಪರಿಶೀಲಿಸದೆ ಸಂದೇಶ ಕಳುಹಿಸಿದ ನಾವೇ ಅದನ್ನು ಅವನ ತಲೆಗೆ ಹಾಕಿದ್ದೇವೆ.

ಮೊದಲು ಲೆಕ್ಕವನ್ನೇ ನೋಡೋಣ. 365 ಬರಬೇಕಾದರೆ ‘ಯೌಮ್’ ಎಂಬ ಏಕವಚನವನ್ನು ಮಾತ್ರ ಎಣಿಸಬೇಕು. ‘ಎರಡು ದಿನ’, ‘ದಿನಗಳು’ ಎಂಬ ರೂಪಗಳನ್ನು ಬಿಡಬೇಕು. ‘ಆ ದಿನ’ ಎಂಬರ್ಥದ ‘ಯೌಮಇದಿನ್’ ಅನ್ನೂ ಬಿಡಬೇಕು. ನಮ್ಮ ಮಕ್ಕಳಿಗೂ ಬಾಯಿಪಾಠ ಇರುವ ಸೂರಃ ಅಝ್ಝಲ್ಝಲಃದಲ್ಲೇ ಆ ಪದ ಎರಡು ಸಲ ಬರುತ್ತದೆ. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಉತ್ತರ ಮೊದಲೇ ಗೊತ್ತಿದ್ದವರು ತೀರ್ಮಾನಿಸಿದ್ದಾರೆ. ಅಷ್ಟಕ್ಕೂ ನಮ್ಮ ರಮಝಾನ್, ನಮ್ಮ ಹಜ್ಜ್, ನಮ್ಮ ಝಕಾತಿನ ವರ್ಷ ಎಲ್ಲವೂ ಚಾಂದ್ರಮಾನದ್ದು. ಆ ವರ್ಷಕ್ಕೆ 354 ಅಥವಾ 355 ದಿನ!

ಇನ್ನೊಂದು ಪ್ರಸಿದ್ಧ ಲೆಕ್ಕ ನೆಲ ಮತ್ತು ಸಮುದ್ರದ್ದು. ಸಮುದ್ರ 32, ನೆಲ 13, ಒಟ್ಟು 45. ಅದರಲ್ಲಿ ಸಮುದ್ರದ ಪಾಲು ಶೇಕಡಾ 71.1, ಭೂಮಿಯ ಮೇಲಿನ ನೀರಿನ ಪಾಲೂ ಅಷ್ಟೇ ಎನ್ನುತ್ತಾರೆ. ಆದರೆ ನೆಲಕ್ಕಿರುವ ‘ಬರ್ರ್’ ಎಂಬ ಪದ ಬರುವುದು 12 ಸಲ. ‘ಒಣಗಿದ್ದು’ ಎಂಬರ್ಥದ ಬೇರೊಂದು ಪದವನ್ನು ತಂದು ಸೇರಿಸಿದಾಗ ಮಾತ್ರ 13 ಆಗುತ್ತದೆ. ಸೇರಿಸದಿದ್ದರೆ ಸಮುದ್ರದ ಪಾಲು ಸುಮಾರು 72.7. ಅತ್ತ ಸಮುದ್ರದ ದ್ವಿವಚನ, ಬಹುವಚನಗಳನ್ನು ಹೊರಗಿಟ್ಟಿದ್ದಾರೆ. ಅಂಗಡಿಯಲ್ಲಿ ಯಾರಾದರೂ ಹೀಗೆ ತೂಕ ಮಾಡಿದರೆ ನಾವು ಒಪ್ಪುತ್ತೇವೆಯೇ?

ಇದು ಸಣ್ಣ ವಿಷಯ, ಒಳ್ಳೆಯ ಉದ್ದೇಶಕ್ಕೆ ತಾನೇ ಎಂದು ಕೆಲವರು ಹೇಳಬಹುದು. ಈ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ನಮ್ಮ ಕಾಲದಲ್ಲೇ ಪಾಠವಿದೆ. ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಜೀವರಸಾಯನ ವಿಜ್ಞಾನಿ ರಶಾದ್ ಖಲೀಫಾ, ಕುರ್‌ಆನ್ 19ರ ಸಂಖ್ಯೆಯ ಮೇಲೆ ನಿಂತಿದೆ ಎಂದು 1974ರಲ್ಲಿ ಹೇಳಿದರು. ಬಿಸ್ಮಿಲ್ಲಾಹ್‌ನಲ್ಲಿ 19 ಅಕ್ಷರ, ಸೂರಃಗಳು 114, ಅಂದರೆ 19ರ ಆರು ಪಟ್ಟು. ಇವೆರಡೂ ನಿಜ. ಅವರು ಕಂಪ್ಯೂಟರ್ ಬಳಸಿದ್ದರಿಂದ ಅನೇಕರು ಮೆಚ್ಚಿದರು, ಅವರ ಪುಸ್ತಕಗಳನ್ನು ಹಂಚಿದರು. ಆದರೆ ಯಾವುದೇ ಎಣಿಕೆ 19ರಿಂದ ಶೇಷವಿಲ್ಲದೆ ಭಾಗವಾಗುವ ಸಂಭವ ಹತ್ತೊಂಬತ್ತರಲ್ಲಿ ಒಂದು. 190 ಬಗೆಯಲ್ಲಿ ಎಣಿಸಿದರೆ ಸುಮಾರು 10 ತಾವಾಗಿಯೇ ಕೂಡಿಬರುತ್ತವೆ. ಆ 10ನ್ನು ತೋರಿಸಿ ಉಳಿದ 180ನ್ನು ಮುಚ್ಚಿಟ್ಟರೆ ಅದು ಪವಾಡದಂತೆ ಕಾಣುತ್ತದೆ.

ಬಳಿಕ ಏನಾಯಿತು? ‘ಅಲ್ಲಾಹ್’ ಎಂಬ ನಾಮ 2698 ಬಾರಿ, ಅಂದರೆ 19ರ 142 ಪಟ್ಟು ಬರಬೇಕೆಂದು ಅವರ ಲೆಕ್ಕ ಹೇಳುತ್ತಿತ್ತು. ಮುಸ್‌ಹಫ್‌ನಲ್ಲಿ ಒಂದು ಹೆಚ್ಚಿತ್ತು. ಲೆಕ್ಕ ತಪ್ಪಾಗಿದೆ ಎನ್ನುವ ಬದಲು ಅವರು ಸೂರಃ ಅತ್ತೌಬಃದ ಕೊನೆಯ ಎರಡು ಆಯತ್‌ಗಳು ಕುರ್‌ಆನಿನವೇ ಅಲ್ಲ ಎಂದುಬಿಟ್ಟರು! ಪ್ರವಾದಿ(ಸ)ರಿಗೆ ನಮ್ಮ ಕಷ್ಟ ಎಷ್ಟು ನೋವು ಕೊಡುತ್ತದೆ, ವಿಶ್ವಾಸಿಗಳ ಮೇಲೆ ಅವರಿಗೆ ಎಷ್ಟು ಕರುಣೆ ಎಂದು ಹೇಳುವ ಆಯತ್ ಅದರಲ್ಲಿದೆ. ಕುರ್‌ಆನನ್ನು ಸಾಬೀತುಪಡಿಸಲು ಹೊರಟವರು ಕುರ್‌ಆನಿಗೇ ಕತ್ತರಿ ಹಾಕಿದರು. ಕೊನೆಗೆ ತಾವೇ ದೇವದೂತರೆಂದೂ ಹೇಳಿಕೊಂಡರು. 1990ರಲ್ಲಿ ಅವರ ಕೊಲೆಯಾಯಿತು. ಅದೂ ಘೋರ ಅನ್ಯಾಯವೇ. ತಪ್ಪು ಲೆಕ್ಕಕ್ಕೆ ಸರಿಯಾದ ಲೆಕ್ಕವೇ ಉತ್ತರ, ಚೂರಿಯಲ್ಲ.

19ರ ಪ್ರಸ್ತಾಪವಿರುವ ಸೂರಃ ಅಲ್ ಮುದ್ದಸ್ಸಿರ್‌ನ ಮುಂದಿನ ಆಯತ್ ಓದಿರಿ. ಅದು ನರಕದ ಕಾವಲಿನ ದೇವಚರರ ಸಂಖ್ಯೆ. ಆ ಸಂಖ್ಯೆಯನ್ನು ಪರೀಕ್ಷೆಯಾಗಿ ಇಡಲಾಗಿದೆ ಎಂದು ಅಲ್ಲಾಹನೇ ತಿಳಿಸುತ್ತಾನೆ.

ಈಗ ನಮ್ಮ ಪ್ರವಾದಿ(ಸ)ರ ಮಾದರಿ ನೋಡೋಣ. ಹಿಜರಿ 10ನೇ ವರ್ಷ. ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡರು. ಪ್ರವಾದಿ(ಸ)ರ ಕಣ್ಣುಗಳಲ್ಲಿ ನೀರು ಹರಿಯಿತು. ಅದೇ ದಿನ ಸೂರ್ಯಗ್ರಹಣವಾಯಿತು. ಇಬ್ರಾಹೀಮರ ಮರಣಕ್ಕಾಗಿಯೇ ಸೂರ್ಯ ಕಪ್ಪಾದ ಎಂದು ಜನ ಆಡಿಕೊಂಡರು. ಪ್ರವಾದಿತ್ವಕ್ಕೆ ಇದಕ್ಕಿಂತ ದೊಡ್ಡ ‘ಸಾಕ್ಷಿ’ ಯಾರಿಗೆ ಸಿಕ್ಕೀತು? ಪ್ರವಾದಿ(ಸ) ಸುಮ್ಮನಿದ್ದಿದ್ದರೂ ಸಾಕಿತ್ತು. ಆದರೆ ಅವರು ಸುಮ್ಮನಿರಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಮರಣಕ್ಕೂ ಯಾರ ಜನನಕ್ಕೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಆ ದುಃಖದ ನಡುವೆಯೂ ತಿದ್ದಿದರು. ನಮಾಝಿಗೆ ನಿಲ್ಲಲು ಕಲಿಸಿದರು. ತಮ್ಮ ಪರವಾಗಿ ಬಂದ ತಪ್ಪು ಸಾಕ್ಷಿಯನ್ನು ಅವರು ತಮ್ಮ ಕೈಯಾರೆ ತಳ್ಳಿಹಾಕಿದರು. ಅವರ ಉಮ್ಮತ್ ಆದ ನಾವು ಅಂಥ ಸಾಕ್ಷಿಗಳನ್ನು ಹುಡುಕಿ ಹಂಚುತ್ತಿದ್ದೇವೆ.

ಗಣಿತ ನಮ್ಮ ಶತ್ರುವಲ್ಲ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಬೀಜಗಣಿತದ ಗ್ರಂಥದ ದೊಡ್ಡ ಭಾಗ ವಾರಸಾ ಹಕ್ಕಿನ ಲೆಕ್ಕಗಳದ್ದು. ತೀರಿಹೋದವನ ಹೆಂಡತಿಗೆ ಎಷ್ಟು, ಮಗಳಿಗೆ ಎಷ್ಟು, ತಾಯಿಗೆ ಎಷ್ಟು ಎಂದು ಹಕ್ಕುದಾರರ ಕೈಗೆ ಹಕ್ಕು ಮುಟ್ಟಿಸುವ ಲೆಕ್ಕ. ಪದಗಳನ್ನು ಎಣಿಸಲು ರಾತ್ರಿಯಿಡೀ ಕೂರುವ ನಾವು, ನಮ್ಮ ಅಕ್ಕತಂಗಿಯರ ಪಾಲನ್ನು ಸರಿಯಾಗಿ ಎಣಿಸಿ ಕೊಟ್ಟಿದ್ದೇವೆಯೇ? ಝಕಾತಿನ ಎರಡೂವರೆ ಶೇಕಡಾವನ್ನು ಎಣಿಸಿದ್ದೇವೆಯೇ?

ಆದ್ದರಿಂದ ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಎಣಿಸಿದವರು ಯಾರು? ಯಾವುದನ್ನು ಬಿಟ್ಟು ಎಣಿಸಿದರು? ಅರಿತವರನ್ನು ನಾವು ಕೇಳಿದ್ದೇವೆಯೇ? ಸುದ್ದಿ ಬಂದಾಗ ಪರಿಶೀಲಿಸಿರಿ ಎಂದು ಸೂರಃ ಅಲ್ ಹುಜುರಾತ್ ಆಜ್ಞಾಪಿಸುತ್ತದೆ. ಸುದ್ದಿ ನಮ್ಮ ಪರವಾಗಿದ್ದರೆ ಪರಿಶೀಲನೆ ಬೇಡ ಎಂದು ಅದು ಹೇಳಿಲ್ಲ. ಮಕ್ಕಳು ಪ್ರಶ್ನೆ ಕೇಳಿದರೆ ಗದರಬೇಡಿ. ಗದರಿದರೆ ಪ್ರಶ್ನೆ ಹೋಗುವುದಿಲ್ಲ, ಮಗು ಹೋಗುತ್ತದೆ.

ಆ ಹುಡುಗನಿಗೆ ನಾವು ಹೇಳಿದೆವು: “ಮಗನೇ, ನೀನು ಎಣಿಸಿದ್ದು ಸರಿ. ತಪ್ಪಿರುವುದು ಅವರ ಲೆಕ್ಕ, ಕುರ್‌ಆನಲ್ಲ. ತನ್ನ ಸತ್ಯಕ್ಕೆ ಈ 365ನ್ನು ಕುರ್‌ಆನ್ ಎಲ್ಲಿಯೂ ಸಾಕ್ಷಿಯಾಗಿ ಮುಂದಿಟ್ಟಿಲ್ಲ. ಅದು ನಿನ್ನಿಂದ ಬಯಸುವುದು ಚಿಂತನೆ ಮತ್ತು ಒಳ್ಳೆಯ ನಡತೆ. ಹೋಗಿ ನಿನ್ನ ಗೆಳೆಯನಿಗೆ, ಆ ಸಂದೇಶ ತಪ್ಪಾಗಿತ್ತು ಎಂದು ಹೇಳು.” ಅವನು ಹೇಳಿದ. ಒಬ್ಬ ಮುಸ್ಲಿಮನ ಬಾಯಿಂದ ಬಂದ ಆ ಪ್ರಾಮಾಣಿಕ ಮಾತು ಅಂಥ ನೂರು ಸಂದೇಶಗಳಿಗಿಂತ ದೊಡ್ಡ ಸಾಕ್ಷಿ ಎಂದು ನಾವು ನಂಬುತ್ತೇವೆ.

ಅಲ್ಲಾಹನು ನಮ್ಮ ನಾಲಗೆಯನ್ನೂ ಬೆರಳುಗಳನ್ನೂ ಸುಳ್ಳಿನಿಂದ ಕಾಪಾಡಲಿ. ನಮ್ಮ ಮಕ್ಕಳ ಈಮಾನನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಲಿ. ಆಮೀನ್.