ಪಾಳಿ ಮುಗಿದ ಮೇಲಿನ ಓದು



ಸಾರ್ವಜನಿಕ ಗ್ರಂಥಾಲಯವು ಸರಕಾರದ ದಾನವೆಂದು ನಾವು ಭಾವಿಸುತ್ತ ಬಂದಿದ್ದೇವೆ. ಹಾಗಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತೇವೆ. ಇಂದು ಅದು ತೆರಿಗೆಯ ಶೇಕಡಾ 6. ಬಾಡಿಗೆಯ ಮನೆಯವರು ಬಾಡಿಗೆಯಲ್ಲಿಯೇ ಅದನ್ನು ತೆರುತ್ತಾರೆ. ತಾರಿಹಾಳದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವಷ್ಟರಲ್ಲಿ ವಾಚನಾಲಯದ ಬಾಗಿಲು ಮುಚ್ಚಿದ್ದರೆ, ದುಡಿಯುವವನು ತೆತ್ತ ಕರ ಯಾರಿಗಾಯಿತು?

2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಕಥೆ, ಗಟ್ಟಿ ಓದು, ಚದುರಂಗ ಅಲ್ಲಿ ಸೇರಿಕೊಂಡವು. (ಚದುರಂಗಕ್ಕೆ ಬಂದ ಹುಡುಗನನ್ನು ಗದರಬೇಡಿರಿ, ಪುಸ್ತಕವೂ ಅವನ ಕೈಗೆ ಬಂದೀತು.) ನಗರದ ದುಡಿಯುವವರಿಗಾಗಿ ನಾವು ಕೇಳುವುದು ರಾತ್ರಿಯ ಎರಡು ತಾಸು ಮಾತ್ರ. ಮನವಿಪತ್ರವನ್ನು ದೇವಾಲಯದ ಬಾಗಿಲ ಬಳಿ ಇರಿಸಿದ್ದೇವೆ. ಬಲಿಪೂಜೆಯ ತರುವಾಯ ತಾವೆಲ್ಲರೂ ಸಹಿ ಮಾಡಬೇಕು.