ಆಟದ ಬಯಲಿನಲ್ಲಿ ಅಂಕಗಣಿತ



ಮಗ್ಗಿಯನ್ನು ನಿರರ್ಗಳವಾಗಿ ಒಪ್ಪಿಸುವ ಬಾಲಕನನ್ನು ಕರೆದು, 3 ಸಾಲುಗಳಲ್ಲಿ ನಾಲ್ಕು ನಾಲ್ಕು ಕಲ್ಲುಗಳನ್ನಿಟ್ಟರೆ ಒಟ್ಟು ಎಷ್ಟಾಯಿತೆಂದು ಕೇಳಿದರೆ, ಅವನು ತಬ್ಬಿಬ್ಬಾಗುವುದುಂಟು. ನಾಲಗೆಗೆ ಬಂದ ಸಂಖ್ಯೆ ಬುದ್ಧಿಗೆ ಇಳಿದಿಲ್ಲವೆಂದೇ ಇದರ ಅರ್ಥ. ಈ ಕೊರತೆಯನ್ನು ನೀಗಿಸಲು ಬೆತ್ತಕ್ಕಿಂತ ಬಯಲು ಹೆಚ್ಚು ಸಮರ್ಥವಾದುದು.

ಲಗೋರಿಯನ್ನೇ ತೆಗೆದುಕೊಳ್ಳೋಣ. 7 ಕಲ್ಲುಗಳ ರಾಶಿಗೆ ಚೆಂಡು ತಗುಲಿ 3 ಉರುಳಿದರೆ ಉಳಿದವು 4. 5 ಉರುಳಿದರೆ ಉಳಿದವು 2. ಏಳರೊಳಗೆ ಅಡಗಿರುವ ಜೋಡಿಗಳನ್ನೆಲ್ಲ ಮಗು ಹೀಗೆ ಕಣ್ಣಾರೆ ಕಾಣುತ್ತದೆ. ಕೂಡುವುದಕ್ಕೂ ಕಳೆಯುವುದಕ್ಕೂ ಇರುವ ನಂಟು ಉಪದೇಶವಿಲ್ಲದೆಯೇ ಅದಕ್ಕೆ ವಿದಿತವಾಗುತ್ತದೆ.

ಚಿನ್ನಿದಾಂಡಿನಲ್ಲಿ ಚಿನ್ನಿ ಬಿದ್ದ ದೂರವನ್ನು ದಾಂಡಿನಿಂದಲೇ ಅಳೆಯುವ ವಾಡಿಕೆಯುಂಟು. ಅಳೆಯುವ ಮೊದಲು ಪ್ರತಿಯೊಬ್ಬನೂ ತನ್ನ ಅಂದಾಜನ್ನು ಹೇಳಲಿ. ಅನಂತರ ಅದೇ ದೂರವನ್ನು ಗಿಡ್ಡ ದಾಂಡಿನಿಂದ ಒಮ್ಮೆ, ಉದ್ದ ದಾಂಡಿನಿಂದ ಒಮ್ಮೆ ಅಳೆಯಿಸಿರಿ. ದೂರ ಒಂದೇ, ಎಣಿಕೆ ಬೇರೆ! ಎಲ್ಲರೂ ಒಪ್ಪುವ ಅಳತೆಗೋಲೊಂದು ಬೇಕೆಂದು ಆಗ ಮಕ್ಕಳೇ ಹಟ ಹಿಡಿಯುವರು. ಅಡಿ, ಗಜ, ಮೀಟರುಗಳು ಏತಕ್ಕೆ ಹುಟ್ಟಿದುವೆಂಬುದು ಅವರಿಗೆ ಅಂದೇ ತಿಳಿದೀತು.

ಸ್ವಲ್ಪ ದೊಡ್ಡವರಿಗೆ ನೆರಳೇ ಗುರು. 4 ಅಡಿಯ ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ನೆರಳು 3 ಅಡಿಯಾಗಿದ್ದು, ಅದೇ ಹೊತ್ತಿನಲ್ಲಿ ಸಮನೆಲದ ಮೇಲೆ ತೆಂಗಿನ ಮರದ ನೆರಳು 30 ಅಡಿಯಿದ್ದರೆ, ಮರದ ಎತ್ತರ 40 ಅಡಿ. ಮರವನ್ನು ಹತ್ತದೆಯೇ ತ್ರೈರಾಶಿಕವು ಕೈಗೆ ಸಿಕ್ಕಿತು! ಇದೇನೂ ಹೊಸ ವಿದ್ಯೆಯಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ನೆರಳಿನ ಲೆಕ್ಕಕ್ಕೇ ಮೀಸಲಾದ ಅಧ್ಯಾಯವೊಂದಿದೆ.

ಆದರೆ ಎರಡು ಎಚ್ಚರಿಕೆಗಳನ್ನು ಹೇಳದೆ ಮುಗಿಸಲಾರೆ. ಮೊದಲನೆಯದು, ಆಟವು ಆಟವಾಗಿಯೇ ಉಳಿಯಬೇಕು. ಎಸೆತಕ್ಕೊಂದು ಪ್ರಶ್ನೆ ಕೇಳುತ್ತ ಹೋದರೆ ಬಯಲೂ ಪಾಠಶಾಲೆಯ ಮತ್ತೊಂದು ಕೊಠಡಿಯಾಗಿ, ಮಕ್ಕಳು ಆಟವನ್ನೂ ದ್ವೇಷಿಸಿಯಾರು. ಒಂದು ಸಂಜೆಗೆ ಒಂದು ಪ್ರಶ್ನೆ ಸಾಕು. ಎರಡನೆಯದು, ಬಯಲಿನಲ್ಲಿ ಕಂಡುದನ್ನು ಮರುದಿನ ಹಲಗೆಯ ಮೇಲೆ ಅಂಕಿಗಳಲ್ಲಿ ಬರೆಯಿಸಬೇಕು. ಇಲ್ಲವಾದರೆ ಕಲಿಕೆ ಅರ್ಧಕ್ಕೇ ನಿಂತೀತು. ಮಗ್ಗಿ ಬೇಡವೆಂದು ನನ್ನ ವಾದವಲ್ಲ. ಅರ್ಥ ಮೊದಲು ಬರಲಿ, ಕಂಠಪಾಠ ಅದರ ಹಿಂದೆ ಬರಲಿ.

ಇದಕ್ಕೆಲ್ಲ ಬೇಕಾದುದು ಕೆಲವು ಕಲ್ಲುಗಳು, ಒಂದು ಕೋಲು, ತಪ್ಪು ಉತ್ತರಕ್ಕೆ ಸಿಡುಕದ ಹಿರಿಯರೊಬ್ಬರು. ಮೊದಲಿನ ಎರಡು ಎಲ್ಲೆಡೆಯೂ ದೊರೆಯುತ್ತವೆ. ಮೂರನೆಯದನ್ನು ನಾವು ಒದಗಿಸೋಣ.